ತಯಾರಿಕೆ ನಿಂತುಹೋದ ಬಿಡಿಭಾಗಕ್ಕೆ ಬದಲಿ ಹುಡುಕುವ ಬಗೆ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಇಂದಿಗೂ ಬಳಕೆಯಲ್ಲಿರುವ, ಇಲ್ಲವೇ ಕೆಟ್ಟು ಅಟ್ಟ ಸೇರಿರುವ ಎಲೆಕ್ಟ್ರಾನಿಕ್ ಉಪಕರಣಗಳು ಒಂದೇ ಕಾಲದವಲ್ಲ. ಸಕಲೇಶಪುರದ ಕಡೆಯ ಎಸ್ಟೇಟ್ ಬಂಗಲೆಯಲ್ಲಿ ವಾಲ್ವ್ ಎಂಬ ಗಾಜಿನ ಕೊಳವೆಗಳಿಂದ ನಡೆಯುವ ಹಳೆಯ ರೇಡಿಯೋ ಇರುತ್ತದೆ, ಮೂಡಿಗೆರೆಯ ಗೋದಾಮಿನಲ್ಲಿ ಕಾಫಿ ಬೀಜದ ತೇವಾಂಶ ಅಳೆಯುವ ಹಳೆಯ ಮೀಟರ್ ಇರುತ್ತದೆ, ಕಾಲೇಜಿನ ಪ್ರಯೋಗಾಲಯದಲ್ಲಿ ಮೂರು ದಶಕ ದಾಟಿದ ಆಸಿಲೋಸ್ಕೋಪ್ ಇರುತ್ತದೆ, ಬಹಳಷ್ಟು ಮನೆಗಳಲ್ಲಿ ವೋಲ್ಟೇಜಿನ ಏರಿಳಿತಕ್ಕೆಂದು ಕೊಂಡ ಸ್ಟೆಬಿಲೈಸರ್ ಇರುತ್ತದೆ. ಇವು ಕೆಟ್ಟಾಗ ಅಂಗಡಿಯಲ್ಲಿ ಸಾಮಾನ್ಯವಾಗಿ ಕೇಳಿಬರುವ ಉತ್ತರ ‘ಆ ಪಾರ್ಟು ಈಗ ಬರುವುದಿಲ್ಲ’ ಎಂಬುದು. ಆ ಉತ್ತರ ಬಹುಮಟ್ಟಿಗೆ ನಿಜ. ಆದರೆ ಅದನ್ನು ಕೇಳಿ ಉಪಕರಣವನ್ನು ಗುಜರಿಗೆ ಹಾಕುವುದು ಅವಸರದ ತೀರ್ಮಾನ. ಅದೇ ಸಂಖ್ಯೆಯ ಭಾಗ ಸಿಗದಿದ್ದರೂ ಅದರ ಕೆಲಸ ಮಾಡಬಲ್ಲ ಇನ್ನೊಂದು ಭಾಗ ಹತ್ತರಲ್ಲಿ ಎಂಟು ಸಲವಾದರೂ ಸಿಗುತ್ತದೆ ಎಂಬುದು ನನ್ನ ದೃಢವಾದ ನಂಬಿಕೆ.

ಬದಲಿ ಹುಡುಕುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಭಾಗ ಈ ಜಾಗದಲ್ಲಿ ಯಾವ ಕೆಲಸ ಮಾಡುತ್ತಿತ್ತು, ಆ ಕೆಲಸಕ್ಕೆ ಅದರ ಯಾವ ಗುಣಗಳು ಬೇಕಾಗಿದ್ದವು? ವಿದ್ಯುತ್ ಸಂಕೇತವನ್ನು ವರ್ಧಿಸುವ ಭಾಗವಾದ ಟ್ರಾನ್ಸಿಸ್ಟರಿನ ಡೇಟಾಶೀಟಿನಲ್ಲಿ, ಅಂದರೆ ತಯಾರಕರು ಕೊಡುವ ಗುಣವಿವರದ ಹಾಳೆಯಲ್ಲಿ, ಹತ್ತಾರು ಅಂಕಿಗಳಿರುತ್ತವೆ. ಸರ್ಕ್ಯೂಟು ಅವುಗಳಲ್ಲಿ ಮೂರು ನಾಲ್ಕನ್ನು ಮಾತ್ರ ನೆಚ್ಚಿಕೊಂಡಿರುತ್ತದೆ. ಆ ಮೂರು ನಾಲ್ಕು ಯಾವುವೆಂದು ತಿಳಿದರೆ ಆಯ್ಕೆಗೆ ನೂರು ದಾರಿ ತೆರೆಯುತ್ತದೆ, ತಿಳಿಯದಿದ್ದರೆ ಸಮಾನ ಸಂಖ್ಯೆಗಳ ಪಟ್ಟಿಯಿರುವ ದಪ್ಪ ಪುಸ್ತಕವೂ ದಾರಿ ತಪ್ಪಿಸಬಹುದು. ಅಂಥ ಪುಸ್ತಕವನ್ನು ಸಿದ್ಧಪಡಿಸಿದವರಿಗೆ ನಿಮ್ಮ ಉಪಕರಣದಲ್ಲಿ ಆ ಭಾಗ ಎಲ್ಲಿ ಕೂತಿದೆ ಎಂಬುದು ಗೊತ್ತಿರುವುದಿಲ್ಲ.

ಹುಡುಕಾಟಕ್ಕೆ ಹೊರಡುವ ಮುನ್ನ, ಕೆಟ್ಟಿರುವುದು ಆ ಭಾಗವೇ ಹೌದೇ ಮತ್ತು ಅದು ಏಕೆ ಕೆಟ್ಟಿತು ಎಂಬುದು ಖಚಿತವಾಗಬೇಕು. ನಮ್ಮ ಮಲೆನಾಡಿನಲ್ಲಿ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲಿನಿಂದ ತಂತಿಯ ಮೂಲಕ ಬರುವ ಆಘಾತ ಒಂದು ಕಾರಣ. ಮಳೆಗಾಲದ ತಿಂಗಳುಗಳಲ್ಲಿ ಆರದ ತೇವದಿಂದ ಸ್ವಿಚ್ಚು, ಸಾಕೆಟ್ಟು, ವಾಲ್ಯೂಮ್ ಕಂಟ್ರೋಲುಗಳಲ್ಲಿ ಕಿಲುಬು ಹಿಡಿಯುವುದು ಇನ್ನೊಂದು. ಎರಡನೆಯ ಬಗೆಯ ದೋಷಕ್ಕೆ ಎಷ್ಟೋ ಸಲ ಬಿಡಿಭಾಗವೇ ಬೇಕಾಗುವುದಿಲ್ಲ, ಸಂಪರ್ಕ ಶುಚಿ ಮಾಡಿದರೆ ಸಾಕು. ಮೊದಲನೆಯದರಲ್ಲಿ ಸುಟ್ಟುಹೋದ ಟ್ರಾನ್ಸಿಸ್ಟರು ಕಣ್ಣಿಗೆ ಬೀಳುತ್ತದೆ, ಅದನ್ನು ಸುಡಲು ಕಾರಣವಾದ, ಷಾರ್ಟ್ ಆದ ಡಯೋಡು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಬೀಳುವುದಿಲ್ಲ. ಅಪರೂಪದ ಭಾಗವನ್ನು ಕಷ್ಟಪಟ್ಟು ತಂದು ಹಾಕಿ, ಕಾರಣ ಹಾಗೇ ಉಳಿದಿದ್ದರಿಂದ ಅದೂ ಕ್ಷಣದಲ್ಲಿ ಸುಟ್ಟರೆ ಆಗುವ ನಷ್ಟವನ್ನು ತುಂಬಿಕೊಳ್ಳಲು ಆಗುವುದಿಲ್ಲ.

ಭಾಗದ ಮೇಲಿನ ಅಕ್ಷರಗಳನ್ನು ಓದಲು ಕಲಿತರೆ ಅರ್ಧ ಕೆಲಸ ಆದಂತೆ. ಯೂರೋಪಿನ ಪದ್ಧತಿಯಲ್ಲಿ ಮೊದಲ ಅಕ್ಷರ ಭಾಗವನ್ನು ಯಾವ ವಸ್ತುವಿನಿಂದ ಮಾಡಿದ್ದೆಂದು ಹೇಳುತ್ತದೆ: ‘ಎ’ ಆಗಿದ್ದರೆ ಜರ್ಮೇನಿಯಂ, ‘ಬಿ’ ಆಗಿದ್ದರೆ ಸಿಲಿಕಾನ್. ಎರಡನೆಯ ಅಕ್ಷರ ‘ಸಿ’ ಎಂದರೆ ಧ್ವನಿ ಆವರ್ತನದ ಸಣ್ಣ ಟ್ರಾನ್ಸಿಸ್ಟರ್, ‘ಡಿ’ ಎಂದರೆ ಅದೇ ಕೆಲಸದ ಪವರ್ ಟ್ರಾನ್ಸಿಸ್ಟರ್, ‘ಎಫ್’ ಎಂದರೆ ರೇಡಿಯೋ ಆವರ್ತನದ್ದು, ‘ಯು’ ಎಂದರೆ ಪವರ್ ಸ್ವಿಚಿಂಗ್. ಹೀಗಾಗಿ ಎಸಿ 128 ಎಂದು ಕಂಡೊಡನೆ ಅದು ಧ್ವನಿ ಭಾಗದ ಜರ್ಮೇನಿಯಂ ಟ್ರಾನ್ಸಿಸ್ಟರೆಂದೂ ಬಿಎಫ್ 194 ಎಂದರೆ ರೇಡಿಯೋ ಆವರ್ತನದ ಸಿಲಿಕಾನ್ ಟ್ರಾನ್ಸಿಸ್ಟರೆಂದೂ ಡೇಟಾಶೀಟ್ ತೆರೆಯದೆಯೇ ತಿಳಿಯುತ್ತದೆ. ಜಪಾನಿನ ಪದ್ಧತಿಯಲ್ಲಿ 2ಎಸ್‌ಎ ಮತ್ತು 2ಎಸ್‌ಬಿ ಎಂಬವು ಪಿಎನ್‌ಪಿ, 2ಎಸ್‌ಸಿ ಮತ್ತು 2ಎಸ್‌ಡಿ ಎಂಬವು ಎನ್‌ಪಿಎನ್; ಈ ಎರಡು ಬಗೆಗಳಲ್ಲಿ ಕರೆಂಟ್ ಹರಿಯುವ ದಿಕ್ಕು ಒಂದಕ್ಕೊಂದು ವಿರುದ್ಧ. ಭಾಗದ ಮೈಮೇಲೆ ಜಾಗ ಸಾಲದೆ ‘2ಎಸ್’ ಬಿಟ್ಟು ಅಚ್ಚು ಹಾಕಿರುವುದರಿಂದ ‘ಡಿ 313’ ಎಂದು ಕಂಡದ್ದನ್ನು 2ಎಸ್‌ಡಿ 313 ಎಂದು ಓದಿಕೊಳ್ಳಬೇಕು. ಅಮೆರಿಕದ 1ಎನ್ ಮತ್ತು 2ಎನ್ ಸರಣಿಗಳು ಡಯೋಡ್, ಟ್ರಾನ್ಸಿಸ್ಟರ್ ಎಂಬಷ್ಟನ್ನು ಮಾತ್ರ ಹೇಳುತ್ತವೆ. ಉಳಿದದ್ದಕ್ಕೆ ಡೇಟಾಶೀಟೇ ಗತಿ.

ನಮ್ಮ ಭಾಗದ ಹಳೆಯ ಬೋರ್ಡುಗಳಲ್ಲಿ ಹೆಚ್ಚಾಗಿ ಕಾಣುವ ಟ್ರಾನ್ಸಿಸ್ಟರುಗಳ ಬದಲಿ ಕಷ್ಟದ್ದಲ್ಲ. ಬಿಸಿ 107 ಲೋಹದ ಟೋಪಿಯಲ್ಲಿ ಬಂದದ್ದು, ಬಿಸಿ 147 ಚಪ್ಪಟೆ ಪ್ಲಾಸ್ಟಿಕ್ಕಿನಲ್ಲಿ ಬಂದದ್ದು, ಬಿಸಿ 547 ಇಂದಿಗೂ ಎಲ್ಲ ಅಂಗಡಿಯಲ್ಲಿ ಸಿಗುವುದು; ಮೂರೂ ಒಂದೇ ವಂಶ. 45 ವೋಲ್ಟ್, 100 ಮಿಲಿ ಆಂಪಿಯರ್ ಎಂಬ ಮಿತಿ ಬಿಸಿ 107ಕ್ಕೂ ಬಿಸಿ 547ಕ್ಕೂ ಒಂದೇ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಂಥ ಕಾರ್ಖಾನೆಗಳಿಂದ ಬಂದು ದೇಶದ ಕಾಲೇಜು ಪ್ರಯೋಗಾಲಯಗಳನ್ನೆಲ್ಲ ತುಂಬಿದ್ದ ಎಸ್‌ಎಲ್ 100 ಮತ್ತು ಎಸ್‌ಕೆ 100ರ ಜಾಗಕ್ಕೆ ಸಾಮಾನ್ಯ ಕೆಲಸಗಳಲ್ಲಿ 2ಎನ್ 2219ಎ ಮತ್ತು 2ಎನ್ 2905ಎ ಹೊಂದುತ್ತವೆ.

ಎಡವುವುದು ಟ್ರಾನ್ಸಿಸ್ಟರಿನ ಮೂರು ಕಾಲುಗಳಾದ ಎಮಿಟರ್, ಬೇಸ್, ಕಲೆಕ್ಟರುಗಳ ಕ್ರಮದಲ್ಲಿ. ಚಪ್ಪಟೆ ಮುಖ ನಮ್ಮ ಕಡೆಗೆ, ಕಾಲು ಕೆಳಗೆ ಮಾಡಿ ಹಿಡಿದಾಗ ಬಿಸಿ 547ರಲ್ಲಿ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್ 3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಜಪಾನಿನ 2ಎಸ್‌ಸಿ 1815ರಲ್ಲಿ ಎಮಿಟರ್, ಕಲೆಕ್ಟರ್, ಬೇಸ್. ಹೊರಗಿನಿಂದ ಮೂರೂ ಒಂದೇ ರೀತಿ ಕಾಣುತ್ತವೆ. ಎಮಿಟರ್ ಮತ್ತು ಕಲೆಕ್ಟರ್ ಅದಲುಬದಲಾದ ಟ್ರಾನ್ಸಿಸ್ಟರ್ ಪೂರ್ತಿ ಸತ್ತಂತೆ ವರ್ತಿಸದೆ ತೀರ ಕಡಿಮೆ ವರ್ಧನೆಯೊಂದಿಗೆ ಅರೆಬರೆ ಕೆಲಸ ಮಾಡುವುದುಂಟು. ಆಗ ದುರಸ್ತಿಗಾರ ದೋಷವನ್ನು ಬೇರೆಲ್ಲೋ ಹುಡುಕುತ್ತ ದಿನ ಕಳೆಯುತ್ತಾನೆ. ಬೆಸುಗೆ ಹಾಕುವ ಮೊದಲು ಮಲ್ಟಿಮೀಟರಿನ ಡಯೋಡ್ ಪರೀಕ್ಷೆಯಲ್ಲಿ ಬೇಸನ್ನು ಗುರುತಿಸಿ, ಉಳಿದೆರಡು ಕಾಲುಗಳನ್ನು ಡೇಟಾಶೀಟಿಗೆ ತಾಳೆ ನೋಡಿಕೊಳ್ಳುವುದು ತಪ್ಪದ ಅಭ್ಯಾಸವಾಗಬೇಕು.

ವೋಲ್ಟೇಜ್, ಕರೆಂಟ್, ಶಾಖ ತಡೆಯುವ ಶಕ್ತಿ ಇವು ಮೂಲ ಭಾಗಕ್ಕಿಂತ ಹೆಚ್ಚಿದ್ದರೆ ಚಿಂತೆಯಿಲ್ಲ. ವೇಗದ ವಿಷಯ ಹಾಗಲ್ಲ. 2ಎನ್ 3055 ಎಂಬ ಪ್ರಸಿದ್ಧ ಪವರ್ ಟ್ರಾನ್ಸಿಸ್ಟರಿನ ಹೆಸರು ಬದಲಾಗದಿದ್ದರೂ ಒಳಗಿನ ರಚನೆ ಬದಲಾಗಿದೆ. ಮೊದಲ ಕಾಲದವು ನಿಧಾನದವು, ಈಗಿನವು ಅವಕ್ಕಿಂತ ಹಲವು ಪಟ್ಟು ವೇಗದವು. ಹಳೆಯದರ ನಿಧಾನವನ್ನೇ ನೆಚ್ಚಿ ರೂಪಿಸಿದ ಆಂಪ್ಲಿಫೈಯರಿನಲ್ಲಿ ಹೊಸದನ್ನು ಕೂರಿಸಿದರೆ, ಕಿವಿಗೆ ಕೇಳಿಸದ ಆವರ್ತನದಲ್ಲಿ ಅದು ತಾನಾಗಿಯೇ ಕಂಪಿಸಲು ಶುರುಮಾಡಿ ಸುಮ್ಮನೆ ಬಿಸಿಯಾಗುತ್ತದೆ. ಹೆಸರು ಒಂದೇ ಆದರೂ ಭಾಗ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಜರ್ಮೇನಿಯಂ ಕಾಲದ ರೇಡಿಯೋಗಳಿಗೆ ಪ್ರತ್ಯೇಕ ತಾಳ್ಮೆ ಬೇಕು. ಜರ್ಮೇನಿಯಂ ಟ್ರಾನ್ಸಿಸ್ಟರ್ ತೆರೆದುಕೊಳ್ಳಲು ಬೇಸಿನಲ್ಲಿ ಸುಮಾರು 0.2 ವೋಲ್ಟ್ ಸಾಕು, ಸಿಲಿಕಾನಿಗೆ 0.6ರಿಂದ 0.7 ವೋಲ್ಟ್ ಬೇಕು. ಔಟ್‌ಪುಟ್‌ನ ಎಸಿ 128 ತೆಗೆದು ಅದೇ ಜಾಗದಲ್ಲಿ ಸಿಲಿಕಾನ್ ಪಿಎನ್‌ಪಿ ಇಟ್ಟರೆ, ಸದ್ದು ಹೆಚ್ಚಿದ್ದಾಗ ಸರಿಯಿದ್ದಂತೆ ತೋರಿ, ಕಡಿಮೆ ಮಾಡಿದೊಡನೆ ಧ್ವನಿ ಒಡೆದು ಕರ್ಕಶವಾಗುತ್ತದೆ. ಬೇಸಿಗೆ ವೋಲ್ಟೇಜ್ ಹಂಚುವ ರೆಸಿಸ್ಟರುಗಳನ್ನು ಬದಲಿಸಿ, ಧ್ವನಿಯಿಲ್ಲದಾಗ ಕೆಲವೇ ಮಿಲಿ ಆಂಪಿಯರ್ ಹರಿಯುವಂತೆ ಹೊಂದಿಸಿದರೆ ಮಾತ್ರ ಬದಲಿ ಪೂರ್ಣವಾಗುತ್ತದೆ. ಜೋಡಿಯಾಗಿ ದುಡಿಯುವ ಟ್ರಾನ್ಸಿಸ್ಟರುಗಳಲ್ಲಿ ಒಂದು ಹೋದರೆ ಎರಡನ್ನೂ ಬದಲಿಸಬೇಕು. ಈ ರೇಡಿಯೋಗಳಲ್ಲಿ ಬಹಳಷ್ಟರಲ್ಲಿ ಬ್ಯಾಟರಿಯ ಧನ ತುದಿಯೇ ಸರ್ಕ್ಯೂಟಿನ ಎಲ್ಲ ಭಾಗಗಳಿಗೂ ಸಮಾನವಾದ ತಂತಿಗೆ (ಗ್ರೌಂಡಿಗೆ) ಸೇರಿರುತ್ತದೆ ಎಂಬುದನ್ನೂ ಮರೆಯಬಾರದು.

ಎಎಫ್ 114ರಿಂದ 117ರವರೆಗಿನ ಟ್ರಾನ್ಸಿಸ್ಟರುಗಳ ಕಥೆಯೇ ಬೇರೆ. ಇವುಗಳ ಲೋಹದ ಡಬ್ಬಿಯ ಒಳಮೈಯಿಂದ ಕೂದಲಿಗಿಂತ ತೆಳುವಾದ ತವರದ ಎಳೆಗಳು ವರ್ಷಗಟ್ಟಲೆ ಬೆಳೆದು, ಒಳಗಿನ ಕಾಲುಗಳನ್ನು ಮುಟ್ಟಿ ಷಾರ್ಟ್ ಮಾಡುತ್ತವೆ. ಡಬ್ಬಿಗೆ ಜೋಡಿಸಿದ ನಾಲ್ಕನೆಯ ಕಾಲನ್ನು ಕತ್ತರಿಸಿದರೆ ಎಷ್ಟೋ ಟ್ರಾನ್ಸಿಸ್ಟರುಗಳು ಮತ್ತೆ ಕೆಲಸ ಮಾಡುತ್ತವೆ. ಬದಲಿ ಹುಡುಕುವ ಮೊದಲು ಇಷ್ಟನ್ನು ಮಾಡಿ ನೋಡುವುದು ಒಳ್ಳೆಯದು. ಅದೇ ಕಾಲದ ಓಎ 79ರಂಥ ಜರ್ಮೇನಿಯಂ ಡಯೋಡುಗಳು ರೇಡಿಯೋ ಅಲೆಯಿಂದ ಧ್ವನಿಯನ್ನು ಬೇರ್ಪಡಿಸುವ ಜಾಗದಲ್ಲಿರುತ್ತವೆ. ಅಲ್ಲಿ ಸುಲಭವಾಗಿ ಸಿಗುವ 1ಎನ್ 4148 ಹಾಕಿದರೆ, ಕಣಿವೆಯ ಊರುಗಳಲ್ಲಿ ಮೊದಲೇ ಕ್ಷೀಣವಾಗಿ ಬರುವ ಮಧ್ಯಮ ತರಂಗದ ನಿಲ್ದಾಣಗಳು ಮತ್ತಷ್ಟು ಕುಗ್ಗುತ್ತವೆ. ಬಿಎಟಿ 85ರಂಥ ಷಾಟ್ಕಿ ಡಯೋಡು ಕಡಿಮೆ ವೋಲ್ಟೇಜಿಗೇ ತೆರೆದುಕೊಳ್ಳುವುದರಿಂದ ಅಲ್ಲಿಗೆ ಅದು ಸರಿಹೊಂದುತ್ತದೆ.

ವಿದ್ಯುದಂಶವನ್ನು ಹಿಡಿದಿಡುವ ಕೆಪಾಸಿಟರುಗಳ, ಅಂದರೆ ದುರಸ್ತಿಗಾರರ ಮಾತಿನ ಕಂಡೆನ್ಸರುಗಳ, ಬದಲಿ ಸುಲಭವೆಂದು ತೋರುತ್ತದೆ. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿಯೇ. ಎಲೆಕ್ಟ್ರೋಲಿಟಿಕ್ ಕಂಡೆನ್ಸರಿನೊಳಗಿನ ದ್ರವ ಕಾಲಕ್ರಮದಲ್ಲಿ ಒಣಗುತ್ತದೆ. ಅದು ಕೆಲಸ ಮಾಡುವ ಉಷ್ಣತೆ ಪ್ರತಿ 10 ಡಿಗ್ರಿ ಇಳಿದಂತೆ ಆಯಸ್ಸು ಸುಮಾರು ಇಮ್ಮಡಿಯಾಗುವುದರಿಂದ, 85 ಡಿಗ್ರಿಯ ಮೂಲ ಭಾಗದ ಜಾಗಕ್ಕೆ 105 ಡಿಗ್ರಿಯದನ್ನು ಹಾಕುವುದು ಲಾಭದಾಯಕ. ವೋಲ್ಟೇಜ್ ಮಿತಿ ಮೂಲಕ್ಕೆ ಸಮನಾಗಿ ಅಥವಾ ಮೇಲಿರಬೇಕು. ಧಾರಕತೆಯಲ್ಲಿ, ಅಂದರೆ ವಿದ್ಯುದಂಶ ಹಿಡಿದಿಡುವ ಸಾಮರ್ಥ್ಯದಲ್ಲಿ, ಹಳೆಯ 8 ಮೈಕ್ರೋಫ್ಯಾರಡ್ ಜಾಗಕ್ಕೆ 10, 16ರ ಜಾಗಕ್ಕೆ 22, 32ರ ಜಾಗಕ್ಕೆ 33 ನಡೆಯುತ್ತದೆ. ಆದರೆ ಎಸಿ ವಿದ್ಯುತ್ತನ್ನು ಡಿಸಿಯಾಗಿಸುವ ವಾಲ್ವ್ ರೆಕ್ಟಿಫೈಯರ್ ಆದ ಮೇಲೆ ಬರುವ ಮೊದಲ ಕಂಡೆನ್ಸರನ್ನು ಮನಬಂದಂತೆ ದೊಡ್ಡದು ಮಾಡುವಂತಿಲ್ಲ. ಇಝಡ್ 80 ವಾಲ್ವಿಗೆ ತಯಾರಕರು 50 ಮೈಕ್ರೋಫ್ಯಾರಡ್ ಮಿತಿ ಹಾಕಿದ್ದಾರೆ. ಅದನ್ನು ಮೀರಿದರೆ ಪ್ರತಿ ಸಲ ತುಂಬಿಕೊಳ್ಳುವಾಗಿನ ಹೆಚ್ಚಿನ ಕರೆಂಟ್ ವಾಲ್ವನ್ನು ಸವೆಸುತ್ತದೆ.

ಕಾಫಿಯ ತೇವಾಂಶ ಮೀಟರಿನ ಉದಾಹರಣೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಬೀಜವನ್ನು ಎರಡು ಲೋಹದ ಫಲಕಗಳ ನಡುವೆ ತುಂಬಿ, ಅದರ ತೇವಕ್ಕೆ ತಕ್ಕಂತೆ ಬದಲಾಗುವ ಧಾರಕತೆಯನ್ನು ಅಳೆಯುವ ಬಗೆಯ ಮೀಟರುಗಳಲ್ಲಿ, ಹೋಲಿಕೆಗೆಂದು ಒಳಗೊಂದು ಸ್ಥಿರ ಕಂಡೆನ್ಸರ್ ಇರುತ್ತದೆ. ಹಳೆಯ ಉಪಕರಣಗಳಲ್ಲಿ ಈ ಕೆಲಸಕ್ಕೆ ಪಾಲಿಸ್ಟೈರೀನ್ ಕಂಡೆನ್ಸರ್ ಹಾಕುತ್ತಿದ್ದರು. ಅದು ಈಗ ಅಪರೂಪ. ಅಷ್ಟೇ ಪಿಕೋಫ್ಯಾರಡ್‌ನ, ಅಷ್ಟೇ ವೋಲ್ಟಿನ ಅಗ್ಗದ ಸೆರಾಮಿಕ್ ಕಂಡೆನ್ಸರನ್ನು ಅಲ್ಲಿ ಹಾಕಿದರೆ ಮೀಟರ್ ಕೆಲಸ ಮಾಡುತ್ತದೆ, ಆದರೆ ಅದರ ಓದು ಬೆಳಗಿನ ಚಳಿಯಲ್ಲಿ ಒಂದು, ಮಧ್ಯಾಹ್ನದ ಬಿಸಿಲಲ್ಲಿ ಇನ್ನೊಂದು ಆಗುತ್ತದೆ. ವೈ5ವಿ ದರ್ಜೆಯ ಸೆರಾಮಿಕ್ ತನ್ನ ಉಷ್ಣತೆಯ ವ್ಯಾಪ್ತಿಯಲ್ಲಿ ಶೇ. 80ಕ್ಕಿಂತ ಹೆಚ್ಚು ಧಾರಕತೆ ಕಳೆದುಕೊಳ್ಳಲು ಅವಕಾಶವಿರುವ ದರ್ಜೆ. ತೇವಾಂಶ ಶೇ. 10ರಿಂದ 11ರ ಆಸುಪಾಸಿಗೆ ಬಂದಿದೆಯೇ ಇಲ್ಲವೇ ಎಂಬುದರ ಮೇಲೆ ಬೆಳೆಗಾರರ ಇಡೀ ವರ್ಷದ ಮಾಲು ನಿಂತಿರುವಾಗ ಇದು ಸಣ್ಣ ತಪ್ಪಲ್ಲ. ಆ ಜಾಗಕ್ಕೆ ಬೇಕಾದದ್ದು ಉಷ್ಣತೆಗೆ ಅಲುಗದ ಸಿ0ಜಿ ದರ್ಜೆಯ ಸೆರಾಮಿಕ್. ಅದೇ ಬೋರ್ಡಿನಲ್ಲಿ ಐಸಿಗಳ (ಇಡೀ ಸರ್ಕ್ಯೂಟನ್ನೇ ಅಡಗಿಸಿಕೊಂಡ ಚಿಪ್ಪುಗಳ) ವಿದ್ಯುತ್ ಪೂರೈಕೆಯ ಬಳಿ ಕುಳಿತ ಇನ್ನೊಂದು ಕಂಡೆನ್ಸರಿಗೆ ಅಗ್ಗದ ಸೆರಾಮಿಕ್ ಹಾಕಿದರೂ ಏನೂ ಆಗದು. ದುರಸ್ತಿಯಾದ ಮೇಲೆ ಮೀಟರನ್ನು ತೇವಾಂಶ ಗೊತ್ತಿರುವ ಬೀಜದ ಮಾದರಿಗೆ ಹೋಲಿಸಿ ಹೊಂದಿಸಬೇಕು.

ವಾಲ್ವ್ ರೇಡಿಯೋಗಳ ಕಾಗದದ ಕಂಡೆನ್ಸರುಗಳು ತೇವ ಹೀರಿ ಸೋರುತ್ತವೆ. ಔಟ್‌ಪುಟ್ ವಾಲ್ವಿನ ಗ್ರಿಡ್ಡಿಗೆ, ಅಂದರೆ ಅದರ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ, ಧ್ವನಿ ತಲುಪಿಸುವ ಕಂಡೆನ್ಸರಿನಲ್ಲಿ ಒಂದೇ ಒಂದು ಮೈಕ್ರೋ ಆಂಪಿಯರ್ ಸೋರಿದರೂ, ಗ್ರಿಡ್ಡಿನ ರೆಸಿಸ್ಟರ್ 1 ಮೆಗಾಓಮ್ ಆಗಿದ್ದಲ್ಲಿ ಗ್ರಿಡ್ ಒಂದು ವೋಲ್ಟ್ ಮೇಲೇರುತ್ತದೆ. ಸೋರಿಕೆ ಹೆಚ್ಚಿದಂತೆ ವಾಲ್ವಿನ ಕರೆಂಟ್ ಏರಿ, ಕೊನೆಗೆ ಸುಡುವುದು ಬದಲಿ ಸುಲಭವಾಗಿ ಸಿಗದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಆದ್ದರಿಂದ ಈ ಒಂದು ಕಂಡೆನ್ಸರನ್ನು ರೇಡಿಯೋಗೆ ವಿದ್ಯುತ್ ಕೊಡುವ ಮೊದಲೇ 630 ವೋಲ್ಟಿನ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕಂಡೆನ್ಸರಿಗೆ ಬದಲಿಸಿಬಿಡುವುದು ಜಾಣತನ.

ಮನೆಯ ವಿದ್ಯುತ್ತಿಗೆ ನೇರ ತಗಲುವ ಕಂಡೆನ್ಸರುಗಳಲ್ಲಿ ಯಾವ ರಾಜಿಯೂ ಸಲ್ಲದು. 230 ವೋಲ್ಟ್ ಎಸಿಯ ತುದಿ ಸುಮಾರು 325 ವೋಲ್ಟ್. ಹಾಗೆಂದು 400 ವೋಲ್ಟ್ ಡಿಸಿಯ ಸಾಮಾನ್ಯ ಕಂಡೆನ್ಸರ್ ಸಾಕೆಂದುಕೊಂಡರೆ, ಸಿಡಿಲಿನ ಅಥವಾ ಮೋಟಾರು ನಿಲ್ಲುವ ಕ್ಷಣದ ಆಘಾತಕ್ಕೆ ಅದು ತಡೆಯುವುದಿಲ್ಲ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಕ್ಸ್2 ಎಂಬ ಸುರಕ್ಷತಾ ದರ್ಜೆಯದು, ತಂತಿ ಮತ್ತು ಅರ್ತ್ ಅಥವಾ ಲೋಹದ ಚೌಕಟ್ಟಿನ ನಡುವೆ ವೈ2 ದರ್ಜೆಯದು ಮಾತ್ರ ಇರಬೇಕು. ವೈ ದರ್ಜೆಯದು ಷಾರ್ಟ್ ಆದರೆ ಚೌಕಟ್ಟು ಮುಟ್ಟಿದವರ ಜೀವಕ್ಕೇ ಅಪಾಯ. ಸರ್ಕ್ಯೂಟಿನಲ್ಲಿ ಫ್ಯೂಸಿನಂತೆ ಕಡಿದುಹೋಗಲೆಂದೇ ಇಟ್ಟ ರೆಸಿಸ್ಟರುಗಳಿಗೂ ಇದೇ ನಿಯಮ: ಅದೇ ಬಗೆಯದನ್ನೇ ಹಾಕಬೇಕು, ಹೆಚ್ಚು ವ್ಯಾಟಿನದು ‘ಗಟ್ಟಿ’ಯೆಂದು ಹಾಕಬಾರದು.

ವಾಲ್ವುಗಳ ವಿಷಯದಲ್ಲಿ ಸಮಾಧಾನದ ಸಂಗತಿಯೆಂದರೆ, ಬಹಳಷ್ಟು ವಾಲ್ವುಗಳಿಗೆ ಎರಡು ಹೆಸರಿವೆ. ಯೂರೋಪಿನ ಇಎಲ್ 84 ಎಂಬುದೇ ಅಮೆರಿಕದ 6ಬಿಕ್ಯೂ5, ಇಸಿಸಿ 83 ಎಂಬುದೇ 12ಎಎಕ್ಸ್7. ಗಿಟಾರ್ ಆಂಪ್ಲಿಫೈಯರುಗಳ ಬೇಡಿಕೆಯಿಂದ ಇವೆರಡೂ ಇಂದಿಗೂ ಹೊಸದಾಗಿ ತಯಾರಾಗುತ್ತಿವೆ. ಯೂರೋಪಿನ ಹೆಸರಿನ ಮೊದಲ ಅಕ್ಷರ ಒಳಗಿನ ಬಿಸಿತಂತಿಯ ಲೆಕ್ಕ ಹೇಳುತ್ತದೆ. ಇಸಿಎಲ್ 82ಕ್ಕೆ 6.3 ವೋಲ್ಟ್ ಬೇಕು. ಪಿಸಿಎಲ್ 82 ಒಳರಚನೆಯಲ್ಲಿ ಅದೇ ಆದರೂ 300 ಮಿಲಿ ಆಂಪಿಯರಿನ ಸರಣಿಯಲ್ಲಿ 16 ವೋಲ್ಟ್ ಕೇಳುತ್ತದೆ. ಯುಸಿಎಲ್ 82 ಎಂಬುದು 100 ಮಿಲಿ ಆಂಪಿಯರಿನಲ್ಲಿ 50 ವೋಲ್ಟ್. ಆದ್ದರಿಂದ ಬಿಸಿತಂತಿಗೆ ಬೇಕಾದ ವೋಲ್ಟೇಜನ್ನು ಪ್ರತ್ಯೇಕ ಟ್ರಾನ್ಸ್‌ಫಾರ್ಮರಿನಿಂದ ಒದಗಿಸಬಲ್ಲವರಿಗೆ ಮೂರರಲ್ಲಿ ಯಾವುದು ಸಿಕ್ಕರೂ ಕೆಲಸ ನಡೆಯುತ್ತದೆ. ‘ಯು’ ಸರಣಿಯ ರೇಡಿಯೋಗಳಲ್ಲಿ ಚೌಕಟ್ಟು ನೇರವಾಗಿ ವಿದ್ಯುತ್ ತಂತಿಗೆ ಸೇರಿರುವುದರಿಂದ ಅವನ್ನು ತೆರೆದಿಟ್ಟು ಕೆಲಸ ಮಾಡುವಾಗ ಮನೆಯ ವಿದ್ಯುತ್ ತಂತಿಯಿಂದ ಉಪಕರಣವನ್ನು ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು.

ಐಸಿಗಳಲ್ಲಿ ಸಾಮಾನ್ಯ ಕೆಲಸದವು ಇನ್ನೂ ಸಿಗುತ್ತವೆ. ಸ್ಟೆಬಿಲೈಸರುಗಳಲ್ಲಿ ವೋಲ್ಟೇಜ್ ಹೋಲಿಸುವ ಎಲ್‌ಎಂ 324 ಇಂದಿಗೂ ಅಗ್ಗ. ಒಂದು ಕಾಲದ ಟೇಪ್ ರೆಕಾರ್ಡರುಗಳ ಉಸಿರಾಗಿದ್ದ ಟಿಬಿಎ 810 ಸಿಗದಿದ್ದರೆ, ಆ ಐಸಿ ಮತ್ತು ಅದರ ಸುತ್ತಲಿನ ಭಾಗಗಳನ್ನು ಬಿಟ್ಟು, ಟಿಡಿಎ 2003 ಇರುವ ಪುಟ್ಟ ಬೋರ್ಡೊಂದನ್ನು ಜೋಡಿಸಬಹುದು. ಆದರೆ ಟಿಬಿಎ 810 ನಾಲ್ಕು ವೋಲ್ಟಿನವರೆಗೂ ದುಡಿಯುತ್ತಿತ್ತು, ಟಿಡಿಎ 2003ಕ್ಕೆ 8 ವೋಲ್ಟಾದರೂ ಬೇಕು. 9 ವೋಲ್ಟಿನ ಸೆಲ್ಲುಗಳಲ್ಲಿ ನಡೆಯುವ ಸೆಟ್ಟಿಗೆ ಇದು ಹೊಂದುವುದಿಲ್ಲ. ಡಿಜಿಟಲ್ ಬೋರ್ಡುಗಳಲ್ಲಿ 74ಎಲ್‌ಎಸ್ ಸರಣಿಯ ಐಸಿಗೆ ಬದಲಾಗಿ 74ಎಚ್‌ಸಿಟಿ ಆರಿಸಬೇಕು, 74ಎಚ್‌ಸಿ ಅಲ್ಲ. ಹಳೆಯ ಐಸಿ 2.7 ವೋಲ್ಟನ್ನೂ ‘ಒಂದು’ ಎಂದು ಕಳಿಸಬಹುದು. ಎಚ್‌ಸಿಟಿ 2 ವೋಲ್ಟಿಗೇ ಅದನ್ನು ‘ಒಂದು’ ಎಂದು ಗುರುತಿಸುತ್ತದೆ, ಎಚ್‌ಸಿಗೆ 5 ವೋಲ್ಟಿನ ಪೂರೈಕೆಯಲ್ಲಿ ಸುಮಾರು 3.5 ವೋಲ್ಟ್ ಬೇಕು.

ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳಲ್ಲಿ ಹೆಸರಿನ ಕೊನೆಯ ಅಕ್ಷರವೂ ಮುಖ್ಯ. ಬಿಯು 508ಎ ಮತ್ತು ಬಿಯು 508ಡಿ ಎಂಬ ಪವರ್ ಟ್ರಾನ್ಸಿಸ್ಟರುಗಳೆರಡೂ 1500 ವೋಲ್ಟ್ ತಡೆಯುತ್ತವೆ. ‘ಡಿ’ಯ ಒಳಗೆ ಒಂದು ಡ್ಯಾಂಪರ್ ಡಯೋಡ್ ಇದೆ, ‘ಎ’ಯಲ್ಲಿ ಇಲ್ಲ. ‘ಡಿ’ ಇದ್ದ ಜಾಗಕ್ಕೆ ‘ಎ’ ಹಾಕಿ, ಹೊರಗೆ ಡಯೋಡ್ ಸೇರಿಸದಿದ್ದರೆ ಟ್ರಾನ್ಸಿಸ್ಟರ್ ಹೆಚ್ಚು ಹೊತ್ತು ಉಳಿಯುವುದಿಲ್ಲ.

ಕೊಳ್ಳುವಾಗಿನ ದೊಡ್ಡ ಅಪಾಯ ನಕಲಿ ಮಾಲು. ಹಾಸನದ ಅಂಗಡಿಯಲ್ಲಿ ಸಿಗದ್ದಕ್ಕೆ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುವುದು ರೂಢಿ. ಈಗ ಆನ್‌ಲೈನಿನಲ್ಲೂ ತರಿಸುತ್ತಾರೆ. ಎಲ್ಲಿ ಕೊಂಡರೂ, ತಯಾರಿಕೆ ನಿಂತು ಬಹುಕಾಲವಾದ ಭಾಗ ಹೊಳೆಯುವ ಹೊಸ ಕಾಲುಗಳೊಂದಿಗೆ ಅಗ್ಗದ ಬೆಲೆಗೆ ಬಂದರೆ ಅನುಮಾನಿಸಬೇಕು. ಬೇರೆ ಭಾಗದ ಅಕ್ಷರ ಉಜ್ಜಿ ತೆಗೆದು ಹೊಸ ಸಂಖ್ಯೆ ಅಚ್ಚು ಹಾಕಿದ ಮಾಲು ಮಾರುಕಟ್ಟೆಯಲ್ಲಿ ಹೇರಳವಾಗಿದೆ. ನಕಲಿ ಅಪರೂಪದ ಭಾಗಕ್ಕಿಂತ, ಈಗಲೂ ತಯಾರಾಗುತ್ತಿರುವ ಅಸಲಿ ಬದಲಿಯೇ ಮೇಲು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಹೇಳುತ್ತೇನೆ.

ಬದಲಿ ಹಾಕಿದ ಮೇಲೆ ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಬಾರದು. 60 ವ್ಯಾಟಿನ ಹಳೆಯ ತಂತಿಯ ಬಲ್ಬನ್ನು ಸಾಲಿನಲ್ಲಿ ಜೋಡಿಸಿ ವಿದ್ಯುತ್ ಕೊಟ್ಟರೆ, ಒಳಗೆ ಷಾರ್ಟ್ ಇದ್ದಲ್ಲಿ ಬಲ್ಬು ಪೂರ್ತಿ ಉರಿದು ಉಪಕರಣ ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಕ್ಷಣ ಹೊತ್ತು ಬೆಳಗಿ ಮಂಕಾಗುತ್ತದೆ. ಎಲ್‌ಇಡಿ ಬಲ್ಬು ಈ ಕೆಲಸಕ್ಕೆ ಬರುವುದಿಲ್ಲ. ಬಳಿಕ ಮುಖ್ಯ ಬಿಂದುಗಳ ವೋಲ್ಟೇಜ್ ಅಳೆದು, ಅರ್ಧ ಗಂಟೆ ನಡೆಸಿ, ವಿದ್ಯುತ್ ತೆಗೆದು, ದೊಡ್ಡ ಕಂಡೆನ್ಸರುಗಳನ್ನು ಬರಿದುಮಾಡಿ, ಹೊಸ ಭಾಗ ಎಷ್ಟು ಬಿಸಿಯಾಗಿದೆ ಎಂದು ನೋಡಬೇಕು.

ಬದಲಿಯೇ ಇಲ್ಲದ ಭಾಗಗಳೂ ಇವೆ. ಟಿವಿಯ ಎಲ್‌ಒಟಿ (ಪಿಕ್ಚರ್ ಟ್ಯೂಬಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್), ಟ್ಯೂನರಿನ ಸುರುಳಿಗಳು, ತಯಾರಕರು ತಮಗೆಂದೇ ಮಾಡಿಸಿದ ಐಸಿಗಳಿಗೆ ಅದೇ ಮಾದರಿಯ ಇನ್ನೊಂದು ಕೆಟ್ಟ ಸೆಟ್ಟೇ ಆಸರೆ; ಗುಜರಿ ಅಂಗಡಿಯವರೊಂದಿಗೆ ದುರಸ್ತಿಗಾರರು ಒಳ್ಳೆಯ ಸಂಬಂಧ ಇಟ್ಟುಕೊಳ್ಳುವುದು ಇದಕ್ಕಾಗಿಯೇ. ಅಳತೆಯ ಉಪಕರಣಗಳಲ್ಲಿರುವ 2716ರಂಥ ಇಪ್ರಾಮ್ ಮೆಮೊರಿಯ ಸಮಸ್ಯೆ ಇನ್ನೂ ಸೂಕ್ಷ್ಮ. ಖಾಲಿ ಚಿಪ್ಪಿನ ಬದಲಿಗೆ 28ಸಿ16 ಸಿಗಬಹುದು, ಆದರೆ ಅದರೊಳಗಿದ್ದ ಪ್ರೋಗ್ರಾಮ್ ಅಂಗಡಿಯಲ್ಲಿ ಸಿಗುವುದಿಲ್ಲ. ಈ ಚಿಪ್ಪುಗಳಲ್ಲಿ ಮಾಹಿತಿ ವಿದ್ಯುದಂಶದ ರೂಪದಲ್ಲಿ ಕೂತಿರುತ್ತದೆ, ದಶಕಗಳಲ್ಲಿ ಅದು ನಿಧಾನವಾಗಿ ಸೋರಿಹೋಗುತ್ತದೆ. ಗಾಜಿನ ಕಿಟಕಿಯ ಮೇಲಿನ ಚೀಟಿ ಕಿತ್ತುಬಂದು ಬಿಸಿಲು ಬಿದ್ದರೆ ಇನ್ನೂ ಬೇಗ. ಉಪಕರಣ ಚೆನ್ನಾಗಿ ನಡೆಯುತ್ತಿರುವಾಗಲೇ ಆ ಚೀಟಿಯನ್ನು ಭದ್ರಪಡಿಸಿ, ಚಿಪ್ಪನ್ನು ಪ್ರೋಗ್ರಾಮರಿನಲ್ಲಿ ಓದಿಸಿ, ಒಳಗಿನದನ್ನು ಕಂಪ್ಯೂಟರಿನಲ್ಲಿ ಉಳಿಸಿಕೊಳ್ಳಬೇಕು.